ಬಾಣಲೆಯಿಂದ ಬಾನಿಗೆ: ಬಳಕೆದಾರರ ಕೈಪಿಡಿ

ಅಭಿನಂದನೆಗಳು. ವಿಮಾನಗಳಿಗೆ ಹಸಿರು ಇಂಧನ ಪೂರೈಸುವ ಜವಾಬ್ದಾರಿ ನಿಮ್ಮ ಹೆಗಲಿಗೆ ಬಿದ್ದಿದೆ. ನೀವು ವಿಮಾನ ಕಂಪನಿಯ ಮಾಲೀಕರಿರಬಹುದು, ತೈಲ ಸಂಸ್ಥೆಯ ಅಧಿಕಾರಿಯಿರಬಹುದು, ಇಲ್ಲವೇ ಮಂತ್ರಿಗಳಿಗೆ ಭಾಷಣ ಬರೆದುಕೊಡುವ ನೌಕರಿಯಲ್ಲಿದ್ದು ನಿನ್ನೆ ತಾನೇ ‘2050ರ ಹೊತ್ತಿಗೆ’ ಎಂದು ಟೈಪಿಸಿ ಕೈತೊಳೆದುಕೊಂಡಿರಬಹುದು. ಯಾರೇ ಆಗಿರಿ, ಕೆಲಸಕ್ಕೆ ಕೈ ಹಾಕುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದಿ. ಓದದೆ ಶುರುಮಾಡಿದವರು ಬೇಕಾದಷ್ಟು ಮಂದಿ ಇದ್ದಾರೆ. ಅವರ ಪತ್ರಿಕಾ ಪ್ರಕಟಣೆಗಳು ಇವತ್ತಿಗೂ ಸಿಗುತ್ತವೆ, ಇಂಧನ ಮಾತ್ರ ಸಿಗುವುದಿಲ್ಲ.

ಪೆಟ್ಟಿಗೆಯಲ್ಲಿ ಏನೇನಿದೆ

ಒಂದು ವಿಮಾನ. ಅಷ್ಟೇ. ಹೊಸ ಟ್ಯಾಂಕು, ಹೊಸ ಪಂಪು, ಬೇರೆ ಎಂಜಿನ್ ಯಾವುದೂ ಇಲ್ಲ. ಸಾಮಾನು ಕಡಿಮೆ ಬಂದಿದೆ ಎಂದು ಮಾರಿದವರ ಹತ್ತಿರ ಜಗಳಕ್ಕೆ ಹೋಗಬೇಡಿ. ವಿಮಾನವನ್ನು ಮುಟ್ಟಕೂಡದು ಎಂಬುದೇ ಈ ವಿದ್ಯೆಯ ಮೊದಲ ನಿಯಮ. ಒಂದು ವಿಮಾನ ಇಪ್ಪತ್ತೈದು ವರ್ಷ ಆರಾಮಾಗಿ ಹಾರುತ್ತದೆ. ಈಗ ಕೊಂಡದ್ದು 2050ರ ಆಸುಪಾಸಿನಲ್ಲೂ ಹಾರಾಡುತ್ತಿರುತ್ತದೆ. ಅದು ತನ್ನ ಒಂದು ವಾಷರನ್ನೂ ಬದಲಿಸಿಕೊಳ್ಳಲು ಒಪ್ಪುವುದಿಲ್ಲ. ಹಾಗಾಗಿ ಬದಲಾಗಬೇಕಾದವು ಉಳಿದವೆಲ್ಲ: ಹೊಲ, ಅಡುಗೆಮನೆ, ರಿಫೈನರಿ, ತೆರಿಗೆ, ಲೆಕ್ಕದ ಪುಸ್ತಕ. ಕೈಪಿಡಿ ಇಷ್ಟು ದಪ್ಪ ಆಗಿರುವುದು ಅದಕ್ಕೇ.

ಈ ಇಂಧನಕ್ಕೆ ಸರ್ಕಾರಿ ಕಾಗದದಲ್ಲಿ ‘ಸುಸ್ಥಿರ ವಿಮಾನ ಇಂಧನ’ ಎಂದು ಹೆಸರು. ವಿಮಾನದವರ ಬಾಯಲ್ಲಿ ‘ಸ್ಯಾಫ್’. ಅದು ಬೆರೆಯಬೇಕಾದದ್ದು ಎಟಿಎಫ್ ಜೊತೆ; ಎಟಿಎಫ್ ಎಂದರೆ ಚೆನ್ನಾಗಿ ಶುದ್ಧಿ ಮಾಡಿ ಹತ್ತಾರು ಪರೀಕ್ಷೆ ದಾಟಿಸಿದ ಸೀಮೆಎಣ್ಣೆ.

ಎಚ್ಚರಿಕೆ: ಇವನ್ನು ತುಂಬಬೇಡಿ

ಬ್ಯಾಟರಿ. ಸ್ಕೂಟರು ಬ್ಯಾಟರಿಯಲ್ಲಿ ಓಡುತ್ತದೆ, ಬಸ್ಸೂ ಓಡುತ್ತದೆ, ವಿಮಾನಕ್ಕೇನು ಧಾಡಿ ಎಂದು ಮದುವೆ ಮನೆಯ ಊಟದ ಸಾಲಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಉತ್ತರ ಬಾಯಿಪಾಠವಿರಲಿ. ಬೆಂಗಳೂರಿನಿಂದ ದೆಹಲಿಗೆ ಹೋಗುವ ಏರ್‌ಬಸ್ ಎ320 ಸುಮಾರು 6 ಟನ್ ಇಂಧನ ಸುಡುತ್ತದೆ. ಒಂದು ಕಿಲೊ ಎಟಿಎಫ್‌ನಲ್ಲಿ ಹತ್ತಿರ ಹತ್ತಿರ 12 ಯೂನಿಟ್ ಶಕ್ತಿ ಇದೆ, ಒಂದು ಕಿಲೊ ಲಿಥಿಯಂ ಬ್ಯಾಟರಿಯಲ್ಲಿ ಕಾಲು ಯೂನಿಟ್. ಅಂದರೆ 6 ಟನ್ ಎಟಿಎಫ್ ಜಾಗಕ್ಕೆ ಸುಮಾರು 300 ಟನ್ ಬ್ಯಾಟರಿ ಬೇಕು. ವಿದ್ಯುತ್ ಮೋಟಾರು ದುಪ್ಪಟ್ಟು ದಕ್ಷ ಎಂದು ರಿಯಾಯಿತಿ ಕೊಟ್ಟರೂ 150 ಟನ್. ಪ್ರಯಾಣಿಕರು, ಅವರ ಹಪ್ಪಳ ಸಂಡಿಗೆಯ ಡಬ್ಬಿಗಳು ಎಲ್ಲವೂ ಸೇರಿ ಆ ವಿಮಾನ ನೆಲ ಬಿಡಬಹುದಾದ ಗರಿಷ್ಠ ತೂಕವೇ 79 ಟನ್. ಇನ್ನೊಂದು ತೊಂದರೆಯೂ ಇದೆ: ಎಣ್ಣೆ ಉರಿದಂತೆ ವಿಮಾನ ಹಗುರಾಗುತ್ತದೆ, ಬ್ಯಾಟರಿ ಖಾಲಿಯಾದರೂ ತೂಕ ಹಾಗೇ ಇರುತ್ತದೆ. 2020ರಲ್ಲಿ ಯುರೋಪಿನ ಪ್ರಮಾಣಪತ್ರ ಪಡೆದ ಪಿಪಿಸ್ಟ್ರೆಲ್ ವೆಲಿಸ್ ಎಲೆಕ್ಟ್ರೊ ಎಂಬ ವಿದ್ಯುತ್ ವಿಮಾನದಲ್ಲಿ ಎರಡು ಸೀಟು. ಒಂದು ಗಂಟೆಯೊಳಗೆ ಇಳಿಯಬೇಕು. ಪೈಲಟ್ ತರಬೇತಿಗೆ ಒಳ್ಳೆಯದು.

ಬಿಸಿಲು. ಸೋಲಾರ್ ಇಂಪಲ್ಸ್ 2 ಎಂಬ ವಿಮಾನ ಬರೀ ಸೂರ್ಯನನ್ನು ನಂಬಿ 2015–16ರಲ್ಲಿ ಭೂಮಿ ಸುತ್ತಿ ಬಂತು, ದಾರಿಯಲ್ಲಿ ಅಹಮದಾಬಾದು, ವಾರಾಣಸಿಗಳಲ್ಲೂ ಇಳಿದಿತ್ತು. ರೆಕ್ಕೆಯ ಅಗಲ 72 ಮೀಟರ್. ಸೀಟು ಒಂದು. ಟಿಕೆಟ್ ದರ ಎಷ್ಟಾದೀತು ಎಂಬುದನ್ನು ನಿಮ್ಮ ಲೆಕ್ಕಕ್ಕೇ ಬಿಟ್ಟಿದ್ದೇವೆ.

ಜಲಜನಕ. ತೂಕಕ್ಕೆ ನೋಡಿದರೆ ಎಟಿಎಫ್‌ಗಿಂತ ಸುಮಾರು ಮೂರು ಪಟ್ಟು ಶಕ್ತಿ. ಆದರೆ ದ್ರವವಾಗಿ ಇಡಬೇಕೆಂದರೆ ಮೈನಸ್ 253 ಡಿಗ್ರಿ ಚಳಿ ಬೇಕು, ಅಷ್ಟು ಮಾಡಿದರೂ ಅಷ್ಟೇ ಶಕ್ತಿಗೆ ನಾಲ್ಕು ಪಟ್ಟು ಜಾಗ ತಿನ್ನುತ್ತದೆ. ರೆಕ್ಕೆಯೊಳಗೆ ಹಿಡಿಸುವುದಿಲ್ಲ, ಹೊಸ ಆಕಾರದ ವಿಮಾನವೇ ಬೇಕು. ಸೋವಿಯತ್ ಒಕ್ಕೂಟದವರು 1988ರ ಏಪ್ರಿಲ್ 15ರಂದೇ ಟು-155 ವಿಮಾನದ ಒಂದು ಎಂಜಿನ್ನನ್ನು ದ್ರವ ಜಲಜನಕದಲ್ಲಿ ಓಡಿಸಿ ತೋರಿಸಿದ್ದರು. 2035ಕ್ಕೆ ಪ್ರಯಾಣಿಕ ವಿಮಾನ ತರುತ್ತೇವೆ ಎಂದು ಏರ್‌ಬಸ್ 2020ರಲ್ಲಿ ಹೇಳಿತು, 2025ರ ಫೆಬ್ರುವರಿಯಲ್ಲಿ ಅದನ್ನು ಮುಂದಕ್ಕೆ ಹಾಕಿತು. ಇದು ಎಂದೂ ಆಗದು ಎಂದು ಈ ಕೈಪಿಡಿ ಹೇಳುವುದಿಲ್ಲ. ನಿಮ್ಮ ಅವಧಿಯಲ್ಲಿ ಆಗದು.

ಸಾಮಗ್ರಿ ಹೊಂದಿಸಿಕೊಳ್ಳುವುದು

ಈ ಅಧ್ಯಾಯವನ್ನು ನಿಧಾನವಾಗಿ ಓದಿ. ಉಳಿದವುಗಳನ್ನು ಹಾರಿಸಿದರೂ ನಡೆಯುತ್ತದೆ.

ಬೇಕಾದದ್ದು ಕೊಬ್ಬು ಅಥವಾ ಎಣ್ಣೆ. ಯಾವ ಎಣ್ಣೆಯಾದರೂ ಆದೀತು. ವರ್ಜಿನ್ ಅಟ್ಲಾಂಟಿಕ್‌ನವರು 2008ರ ಫೆಬ್ರುವರಿಯಲ್ಲಿ ಲಂಡನ್ನಿನಿಂದ ಆಮ್‌ಸ್ಟರ್‌ಡ್ಯಾಮಿಗೆ ಜಂಬೋ ವಿಮಾನ ಹಾರಿಸಿದಾಗ ಅದರ ನಾಲ್ಕು ಎಂಜಿನ್ನುಗಳಲ್ಲಿ ಒಂದಕ್ಕೆ ಶೇ 20ರಷ್ಟು ಜೈವಿಕ ಇಂಧನ ಬೆರೆಸಿದ್ದರು. ಅದನ್ನು ತೆಗೆದದ್ದು ತೆಂಗಿನೆಣ್ಣೆ ಮತ್ತು ಬ್ರೆಜಿಲ್ಲಿನ ಬಬಾಸು ಎಂಬ ತಾಳೆಯ ಎಣ್ಣೆಯಿಂದ. ತಿಪಟೂರಿನ ಕೊಬ್ಬರಿ ವ್ಯಾಪಾರಿಗಳು ಈ ಸುದ್ದಿಯನ್ನು ಸಮಯಕ್ಕೆ ಸರಿಯಾಗಿ ಓದದೇ ಹೋದದ್ದು ಒಳ್ಳೆಯದಾಯಿತು. ತಿನ್ನುವ ಎಣ್ಣೆಯನ್ನು ಆಕಾಶಕ್ಕೆ ಸುರಿಯುವ ಉಪಾಯ ಅಲ್ಲಿಗೇ ನಿಂತಿತು.

ಆಮೇಲೆ ತಿನ್ನಲಾಗದ ಎಣ್ಣೆಯ ಸರದಿ. ನಮ್ಮ ಹಳ್ಳಿಗಳಲ್ಲಿ ಬೇಲಿಗೆ ಹಾಕುವ ಕಾಡುಹರಳು, ಅಂದರೆ ಜಟ್ರೋಫಾ, ಇದ್ದಕ್ಕಿದ್ದಂತೆ ರಾಷ್ಟ್ರೀಯ ಬೆಳೆಯಾಯಿತು. ದನ ಮೇಯುವುದಿಲ್ಲ, ನೀರು ಬೇಡ, ಬಂಜರಲ್ಲೂ ಬೆಳೆಯುತ್ತದೆ ಎಂದರು. ಬಂಜರಲ್ಲಿ ಬೆಳೆಯಿತು, ನಿಜ. ಬೀಜ ಬಿಡುವ ಮಾತು ಬಂದಾಗ ಅದಕ್ಕೂ ಎಲ್ಲ ಬೆಳೆಗಳಂತೆ ನೀರು ಗೊಬ್ಬರ ಬೇಕು ಎಂದು ಗೊತ್ತಾಯಿತು. ಆದರೂ ಅದಕ್ಕೊಂದು ಗೌರವದ ದಿನ ಬಂದೇ ಬಂತು. 2018ರ ಆಗಸ್ಟ್ 27ರಂದು ಸ್ಪೈಸ್‌ಜೆಟ್‌ನ ಕ್ಯೂ400 ವಿಮಾನ ದೆಹರಾದೂನಿನಿಂದ ದೆಹಲಿಗೆ ಹಾರಿತು. ಒಂದು ಎಂಜಿನ್‌ನಲ್ಲಿ ಶೇ 25ರಷ್ಟು ಕಾಡುಹರಳಿನ ಇಂಧನ. ಬೀಜ ಛತ್ತೀಸಗಢದ ರೈತರದು, ತಯಾರಿ ದೆಹರಾದೂನಿನ ಭಾರತೀಯ ಪೆಟ್ರೋಲಿಯಂ ಸಂಸ್ಥೆಯದು. ಮರುವರ್ಷದ ಗಣರಾಜ್ಯೋತ್ಸವದಲ್ಲಿ ವಾಯುಪಡೆಯ ಎಎನ್-32 ವಿಮಾನ ಶೇ 10ರ ಮಿಶ್ರಣದೊಂದಿಗೆ ರಾಜಪಥದ ಮೇಲೆ ಹಾರಿತು. ಅದಕ್ಕೂ ಮುಂಚೆ ಪರೀಕ್ಷಾ ಹಾರಾಟ ನಡೆಸಿಕೊಟ್ಟವರು ನಮ್ಮ ಬೆಂಗಳೂರಿನ ವಾಯುಪಡೆ ಪರೀಕ್ಷಾ ಕೇಂದ್ರದ ಪೈಲಟ್‌ಗಳು. ಎರಡೂ ಸಲ ಎಂಜಿನ್ ಚಕಾರ ಎತ್ತಲಿಲ್ಲ.

ಕರ್ನಾಟಕದವರು ‘ನಮ್ಮಲ್ಲಿ ಹೊಂಗೆ ಇದೆಯಲ್ಲ’ ಎನ್ನುತ್ತಾರೆ. ಇದೆ. 1990ರ ದಶಕದ ಕೊನೆಯ ಹೊತ್ತಿಗೇ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಯು. ಶ್ರೀನಿವಾಸ ಕಗ್ಗನಹಳ್ಳಿಯಲ್ಲಿ ಹೊಂಗೆ ಎಣ್ಣೆಯಿಂದ ಜನರೇಟರ್ ಓಡಿಸಿ ನೀರೆತ್ತಿ ತೋರಿಸಿದ್ದರು. ಹಾಸನದ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನವೇ ಇದೆ. ‘ಬರಡು ಬಂಗಾರ’, ‘ಹಸಿರು ಹೊನ್ನು’ ಎಂದು ಯೋಜನೆಗಳಿಗೆ ಚಿನ್ನದ ಹೆಸರನ್ನೇ ಇಟ್ಟಿದ್ದೇವೆ. ಆದರೆ ಮರ ನೆಟ್ಟವನಿಗೆ ಬೀಜ ಸಿಗಲು ವರ್ಷಗಟ್ಟಲೆ ಕಾಯಬೇಕು. ಆಮೇಲೂ ಮರದಡಿ ಕೂತು ಕಾಯಿ ಆರಿಸಿ, ಒಣಗಿಸಿ, ಬಡಿದು ಬೀಜ ಬಿಡಿಸುವವರು ಬೇಕು. ಆ ಕೂಲಿ ಗಿಟ್ಟುವ ದರಕ್ಕೆ ಬೀಜ ಕೊಳ್ಳುವವರು ಬೇಕು. ಹಳ್ಳಿಯ ಪಂಪ್‌ಸೆಟ್ಟಿಗೆ ಹೊಂಗೆ ಒಳ್ಳೆಯ ಜೋಡಿ. ವಿಮಾನದ ಹಸಿವಿಗೆ ಹೊಂಗೆಯನ್ನು ಕಟ್ಟಿಹಾಕಬೇಡಿ ಎಂಬುದು ನಮ್ಮ ವಿನಂತಿ.

ಹೀಗೆ ಸುತ್ತಿ ಬಳಸಿ ಇಡೀ ಜಗತ್ತು ಬಂದು ನಿಂತದ್ದು ಕರಿದ ಎಣ್ಣೆಯ ಮುಂದೆ. ಇವತ್ತು ಮಾರುಕಟ್ಟೆಯಲ್ಲಿರುವ ಸ್ಯಾಫ್‌ನ ಬಹುಪಾಲು ಬರುವುದು ಒಮ್ಮೆ ಕರಿದು ಬಿಟ್ಟ ಅಡುಗೆ ಎಣ್ಣೆ ಮತ್ತು ಪ್ರಾಣಿಗಳ ಕೊಬ್ಬಿನಿಂದ. ಆದ್ದರಿಂದ ನಿಮ್ಮ ಮೊದಲ ಕೆಲಸ ವಿಮಾನ ನಿಲ್ದಾಣದಲ್ಲಿಲ್ಲ, ಬಜ್ಜಿ ಅಂಗಡಿಯಲ್ಲಿದೆ. ಸಂಜೆ ಆರರ ಹೊತ್ತಿಗೆ ಹೋಗಿ. ಬಾಣಲೆಯ ಅಂಚಿನಲ್ಲಿ ಕಪ್ಪು ಅಂಟು ಕಟ್ಟಿರುತ್ತದೆ, ತಳದಲ್ಲಿ ಕರಕಲು ಕಡಲೆಹಿಟ್ಟಿನ ಗಸಿ ಕೂತಿರುತ್ತದೆ, ಎಣ್ಣೆ ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿ, ಬಜ್ಜಿ ಬಿಟ್ಟಾಗ ಸಣ್ಣ ನೊರೆ ಎದ್ದು ಇಳಿಯದೆ ನಿಲ್ಲುತ್ತದೆ. ಅದೇ ನಿಮ್ಮ ಕಚ್ಚಾ ತೈಲ. ಸಂಭಾಷಣೆ ಸಾಮಾನ್ಯವಾಗಿ ಹೀಗೆ ಸಾಗುತ್ತದೆ:

“ಅಕ್ಕಾ, ಕರಿದು ಉಳಿದಿರೋ ಎಣ್ಣೆ ಇದ್ರೆ ಕೊಡಿ, ದುಡ್ಡು ಕೊಡ್ತೀವಿ.”

“ಉಳಿದ್ರೆ ತಾನೇ ಅಣ್ಣ ಕೊಡೋದು? ಬೆಳಗ್ಗೆ ಬೋಂಡಾಗೆ ಹಾಕಿದ್ದು ಸಂಜೆ ಮೆಣಸಿನಕಾಯಿಗೆ ಬೇಕಲ್ಲ. ಏನ್ ಮಾಡ್ತೀರ ಅದನ್ನ ತಗೊಂಡು?”

“ವಿಮಾನಕ್ಕೆ ಹಾಕ್ತಾರೆ.”

“ನಮ್ಮೆಣ್ಣೇಲಿ ಅಷ್ಟು ಶಕ್ತಿ ಇದ್ದಿದ್ರೆ ದಿನಾ ತಿನ್ನೋ ಇವ್ರು ಯಾಕಣ್ಣ ಇಲ್ಲೇ ಕಟ್ಟೆ ಮೇಲೆ ಕೂತಿರ್ತಿದ್ರು?”

ಇದನ್ನು ಅವಮಾನ ಎಂದುಕೊಳ್ಳಬೇಡಿ, ಮಾರುಕಟ್ಟೆಯ ಮಾಹಿತಿ ಎಂದುಕೊಳ್ಳಿ. ಈ ದೇಶದಲ್ಲಿ ಎಣ್ಣೆ ಹಳತಾಗುತ್ತದೆ, ವ್ಯರ್ಥವಾಗುವುದಿಲ್ಲ. ದೊಡ್ಡ ಹೋಟೆಲಿನ ಬಾಣಲೆಯಿಂದ ಇಳಿದದ್ದು ಮಧ್ಯವರ್ತಿಯ ಡಬ್ಬದಲ್ಲಿ ಕೂತು ಚಿಕ್ಕ ಗಾಡಿಯ ಬಾಣಲೆಗೆ ಏರುತ್ತದೆ. ಇದನ್ನು ತಡೆಯಲೆಂದೇ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2018ರ ಜುಲೈನಿಂದ ನಿಯಮ ತಂದಿತು: ಎಣ್ಣೆಯಲ್ಲಿ ‘ಪೋಲಾರ್ ಕಾಂಪೌಂಡ್’ ಎಂಬ ಕೆಟ್ಟ ಅಂಶ ಶೇ 25 ದಾಟಿದರೆ ಆ ಎಣ್ಣೆಯಲ್ಲಿ ಮತ್ತೆ ಕರಿಯುವಂತಿಲ್ಲ. ಅದೇ ಆಗಸ್ಟ್‌ನಲ್ಲಿ, ಹಾಗೆ ಬಿಟ್ಟ ಎಣ್ಣೆಯನ್ನು ಇಂಧನಕ್ಕೆ ತಿರುಗಿಸುವ ‘ರುಕೊ’ ಯೋಜನೆಯೂ ಬಂತು. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಬಳಸುವವರು ಲೆಕ್ಕ ಬರೆದಿಡಬೇಕು. 49 ಲೀಟರ್ ಬಳಸುವವರು ಊರಲ್ಲಿ ಎಷ್ಟು ಜನ ಇದ್ದಾರೆ ಎಂಬುದನ್ನು ನೀವೇ ಊಹಿಸಿಕೊಳ್ಳಿ. ಇಷ್ಟಾದರೂ ಈ ಇಡೀ ಕೈಪಿಡಿಯಲ್ಲಿ ನಮಗೆ ಪೂರ್ತಿ ನಂಬಿಕೆ ಇರುವುದು ಇದೊಂದು ಹೆಜ್ಜೆಯ ಮೇಲೆ. ಆಕಾಶಕ್ಕೆ ಹೋದ ಪ್ರತಿ ಡಬ್ಬ ಎಣ್ಣೆ ಯಾರದೋ ಹೊಟ್ಟೆಗೆ ಹೋಗುವುದು ತಪ್ಪುತ್ತದೆ. ಹವಾಮಾನಕ್ಕೆ ಎಷ್ಟು ಉಪಕಾರವಾಯಿತೋ, ಹೃದಯರೋಗದ ವಾರ್ಡಿಗಂತೂ ಆಗುತ್ತದೆ.

ಈಗ ಪ್ರಮಾಣ. ದೆಹಲಿಗೆ ಹೋಗುವ ಆ 6 ಟನ್ ಇಂಧನವನ್ನು ಪೂರ್ತಿ ಕರಿದ ಎಣ್ಣೆಯಿಂದಲೇ ಮಾಡಬೇಕೆಂದರೆ, ದಾರಿಯಲ್ಲಿ ಸೋರುವುದು ಕಳೆದು, 15 ಕಿಲೊ ಡಬ್ಬಗಳು ಕನಿಷ್ಠ 500 ಬೇಕು. ಒಂದು ವಿಮಾನ, ಒಂದು ಸಲ, ಹೋಗುವುದಕ್ಕೆ ಮಾತ್ರ. ದೇಶ ಇಡೀ ವರ್ಷಕ್ಕೆ ಸುಡುವ ಎಟಿಎಫ್ ಸುಮಾರು 90 ಲಕ್ಷ ಟನ್. ಇಂಡಿಯನ್ ಆಯಿಲ್‌ನ ಪಾಣಿಪತ್ ರಿಫೈನರಿ ಕರಿದ ಎಣ್ಣೆಯಿಂದ ಸ್ಯಾಫ್ ಮಾಡಲು 2025ರ ಆಗಸ್ಟ್‌ನಲ್ಲಿ ಅಂತರರಾಷ್ಟ್ರೀಯ ಪ್ರಮಾಣಪತ್ರ ಪಡೆಯಿತು. ಗುರಿ ವರ್ಷಕ್ಕೆ 35,000 ಟನ್. ನಮ್ಮ ಸುರತ್ಕಲ್ ಪಕ್ಕದ ಎಂಆರ್‌ಪಿಎಲ್ ರಿಫೈನರಿ ಹಾಕಿಕೊಂಡ ಯೋಜನೆ ದಿನಕ್ಕೆ 20 ಸಾವಿರ ಲೀಟರಿನದು. ಅಷ್ಟರಲ್ಲಿ ಮೂರು ವಿಮಾನ ದೆಹಲಿ ಸೇರುವುದೂ ಕಷ್ಟ.

ವಿಶೇಷ ಸೂಚನೆ: ಹಳೆ ಎಣ್ಣೆಗೆ ಹೊಸ ಎಣ್ಣೆಗಿಂತ ಹೆಚ್ಚು ಬೆಲೆ ಬಂದ ದಿನ ಜಾಗ್ರತೆ. ಯುರೋಪಿನಲ್ಲಿ ಹಾಗಾದಾಗ, ಬಾಣಲೆಯ ಮುಖವನ್ನೇ ನೋಡದ ಪಾಮ್ ಎಣ್ಣೆ ‘ಕರಿದ ಎಣ್ಣೆ’ ಎಂಬ ಹೆಸರಲ್ಲಿ ಹಡಗು ಹತ್ತಿ ಬರುತ್ತಿದೆ ಎಂಬ ಅನುಮಾನ ಎದ್ದು ತನಿಖೆಗಳಾದವು. ಕಾಡು ಕಡಿದು ಹಾಕಿದ ತೋಟದ ಎಣ್ಣೆಯನ್ನು ಉರಿಸುವುದಕ್ಕಿಂತ ಸುಮ್ಮನೆ ಸೀಮೆಎಣ್ಣೆ ಉರಿಸುವುದೇ ಮೇಲು.

ತಯಾರಿಸುವ ವಿಧಾನ

ಡಿಸೆಂಬರ್ ಬೆಳಿಗ್ಗೆ ಬಚ್ಚಲುಮನೆಯಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿ ತಲೆಕೆಳಗು ಮಾಡಿದರೂ ಬೀಳದೆ ನಿಲ್ಲುವುದನ್ನು ನೋಡಿದ್ದೀರಲ್ಲ, ರೆಕ್ಕೆಯೊಳಗೆ ಆಗಕೂಡದ್ದು ಅದೇ. ಬೆಂಗಳೂರಿನ ಚಳಿಗೇ ಗಟ್ಟಿಯಾಗುವ ಎಣ್ಣೆ ಮೂವತ್ತೈದು ಸಾವಿರ ಅಡಿ ಎತ್ತರದಲ್ಲಿ, ಹೊರಗೆ ಮೈನಸ್ 50 ಡಿಗ್ರಿ ಇರುವಾಗ, ಏನಾದೀತು? ಹಾಗಾಗಿ ಮಾನಕ ಹೇಳುವುದು: ಜೆಟ್ ಎ-1, ಅಂದರೆ ಮಾಮೂಲಿ ಎಟಿಎಫ್, ಮೈನಸ್ 47 ಡಿಗ್ರಿವರೆಗೂ ಹೆಪ್ಪುಗಟ್ಟಬಾರದು.

ಎಣ್ಣೆಯ ಒಂದೊಂದು ಅಣುವಿಗೂ ಒಂದು ಗ್ಲಿಸರಿನ್ ಬೆನ್ನು, ಮೂರು ಉದ್ದನೆಯ ಬಾಲ. ಮೊದಲು ಗಸಿ ಸೋಸಿ, ಉಪ್ಪು ನೀರು ಕಳೆಯಿರಿ. ಆಮೇಲೆ ಮುನ್ನೂರು ಡಿಗ್ರಿ ದಾಟಿದ ಬಿಸಿಯಲ್ಲಿ, ಭಾರಿ ಒತ್ತಡದಲ್ಲಿ ಜಲಜನಕ ಹಾಯಿಸಿ. ಆಮ್ಲಜನಕ ನೀರಾಗಿ ಹೊರಬೀಳುತ್ತದೆ, ಗ್ಲಿಸರಿನ್ ಬೆನ್ನು ಪ್ರೊಪೇನ್ ಆಗುತ್ತದೆ (ಅಡುಗೆ ಸಿಲಿಂಡರಿನಲ್ಲಿ ಇರುತ್ತದಲ್ಲ, ಅದೇ), ಬಾಲಗಳು ನೆಟ್ಟಗಿನ ಸರಪಳಿಗಳಾಗಿ ಉಳಿಯುತ್ತವೆ. ನೆಟ್ಟಗಿದ್ದವು ಒತ್ತೊತ್ತಾಗಿ ಕೂತು ಮೇಣವಾಗುವುದರಿಂದ, ಅವನ್ನು ಕತ್ತರಿಸಿ, ಮೈಯಲ್ಲಿ ಕವಲು ಮೂಡಿಸಬೇಕು. ಕವಲಿದ್ದವು ಒಂದಕ್ಕೊಂದು ಹೊಂದಿಕೊಂಡು ಕೂರಲಾರವು, ಹಾಗಾಗಿ ಎಂಥ ಚಳಿಯಲ್ಲೂ ಹರಿಯುತ್ತವೆ. ಈ ವಿಧಾನಕ್ಕೆ 2011ರಲ್ಲೇ ಅಂತರರಾಷ್ಟ್ರೀಯ ಮಾನಕದ ಒಪ್ಪಿಗೆ ಸಿಕ್ಕಿದೆ. ತಂತ್ರಜ್ಞಾನ ಇನ್ನೂ ಪಕ್ವವಾಗಿಲ್ಲ ಎಂದು ಯಾರಾದರೂ ನೆಪ ಹೇಳಿದರೆ ಈ ಪುಟ ತೋರಿಸಿ. ಅಲ್ಲಿ ಹಾಯಿಸುವ ಜಲಜನಕವನ್ನು ಈಗಲೂ ಹೆಚ್ಚಾಗಿ ನೈಸರ್ಗಿಕ ಅನಿಲದಿಂದಲೇ ತೆಗೆಯುತ್ತಾರೆ ಎಂಬುದನ್ನು ಮಾತ್ರ, ಅವರು ಕೇಳುವ ತನಕ, ತೋರಿಸಬೇಡಿ.

ಕಬ್ಬಿನ ಬೆಲ್ಟಿನವರು ಎಥೆನಾಲ್‌ನಿಂದಲೂ ಮಾಡಬಹುದು. ಎಥೆನಾಲ್‌ನಿಂದ ನೀರು ತೆಗೆದು ಎಥಿಲೀನ್ ಮಾಡಿ, ಅದನ್ನು ಪೋಣಿಸಿ ಉದ್ದ ಮಾಡುವುದು ಕ್ರಮ. ಒಂದು ಲೀಟರ್ ಇಂಧನಕ್ಕೆ ಒಂದೂವರೆ ಲೀಟರಿಗಿಂತ ಹೆಚ್ಚು ಎಥೆನಾಲ್ ಬೇಕು. ಬೆಳಗಾವಿ, ಮಂಡ್ಯಗಳ ಎಥೆನಾಲ್‌ಗೆ ಆಗಲೇ ಪೆಟ್ರೋಲ್ ಬಂಕುಗಳು ಕೈಯೊಡ್ಡಿ ನಿಂತಿವೆ. ಆ ಕಬ್ಬು ಕುಡಿಯುವ ನೀರಿನ ಲೆಕ್ಕ ತೆಗೆದರೆ ಈ ಕೈಪಿಡಿ ಕಾವೇರಿ ನ್ಯಾಯಮಂಡಳಿಯ ವರದಿಯಾಗಿಬಿಡುತ್ತದೆ. ಮುಂದೆ ಹೋಗೋಣ.

ಬೆರೆಸುವುದು

ಅರ್ಧಕ್ಕಿಂತ ಹೆಚ್ಚು ಬೆರೆಸಬೇಡಿ. ಎಂಜಿನ್ ಬೇಡ ಅನ್ನುವುದಿಲ್ಲ, ರಬ್ಬರ್ ಅನ್ನುತ್ತದೆ. ಹಳೆ ಎಟಿಎಫ್‌ನಲ್ಲಿ ಆರೊಮ್ಯಾಟಿಕ್ ಎಂಬ ಅಂಶವಿದೆ. ಟ್ಯಾಂಕು ಪೈಪುಗಳ ಸಂದಿನಲ್ಲಿರುವ ರಬ್ಬರ್ ಉಂಗುರಗಳು ಅದನ್ನು ಹೀರಿ ಉಬ್ಬಿ, ಆ ಉಬ್ಬಿನಿಂದಲೇ ಸಂದು ಮುಚ್ಚಿಕೊಂಡಿರುತ್ತವೆ. ಕರಿದ ಎಣ್ಣೆಯ ಇಂಧನ ಶುದ್ಧ. ಅದರಲ್ಲಿ ಆ ಅಂಶ ಇಲ್ಲ. ಉಂಗುರ ಸೊರಗುತ್ತದೆ, ಇಂಧನ ಜಿನುಗುತ್ತದೆ. ಆದ್ದರಿಂದ ಮಿಶ್ರಣದಲ್ಲಿ ಕನಿಷ್ಠ ಶೇ 8 ಆರೊಮ್ಯಾಟಿಕ್ ಇರಲೇಬೇಕು, ಅದಕ್ಕೆ ಅರ್ಧ ಹಳೆಯದೇ ಇರಬೇಕು. ಎಷ್ಟೋ ಸಾವಿರ ಕೋಟಿಯ ವಿಮಾನೋದ್ಯಮದ ಭವಿಷ್ಯವನ್ನು ಒಂದು ಓ-ರಿಂಗ್ ಹಿಡಿದು ನಿಲ್ಲಿಸಿದೆ ಎಂಬುದು ನಮಗೆ ಈ ವಿಷಯದಲ್ಲಿ ಬಹಳ ಹಿಡಿಸಿದ ಸಂಗತಿ.

ನೂರಕ್ಕೆ ನೂರು ಆಗುವುದೇ ಇಲ್ಲವೇ? ಆಗುತ್ತದೆ. 2023ರ ನವೆಂಬರ್ 28ರಂದು ವರ್ಜಿನ್ ಅಟ್ಲಾಂಟಿಕ್‌ನ ಬೋಯಿಂಗ್ 787 ಲಂಡನ್ನಿನಿಂದ ನ್ಯೂಯಾರ್ಕಿಗೆ ಪೂರ್ತಿ ಸ್ಯಾಫ್‌ನಲ್ಲೇ ಹಾರಿತು. ಶೇ 88 ಕೊಬ್ಬು ಎಣ್ಣೆಗಳ ಇಂಧನ, ಉಳಿದ ಶೇ 12 ಸಸ್ಯದ ಸಕ್ಕರೆಯಿಂದ ಮಾಡಿದ ಆರೊಮ್ಯಾಟಿಕ್, ಅಂದರೆ ರಬ್ಬರಿನ ಪಾಲು. ಕಾಸು ಕೊಟ್ಟ ಪ್ರಯಾಣಿಕರು ಒಬ್ಬರೂ ಇರಲಿಲ್ಲ. ಹೊಗೆಯಲ್ಲಿ ಮಸಿಯ ಕಣ ಶೇ 40 ಕಡಿಮೆಯಾಯಿತು ಎಂದು ಆಮೇಲೆ ವರದಿ ಬಂತು. ಇದು ಸಣ್ಣ ಲಾಭವಲ್ಲ: ವಿಮಾನದ ಹಿಂದೆ ಮೂಡುವ ಬಿಳಿ ಗೆರೆಗಳಿಗೆ ಮಸಿಯ ಕಣವೇ ಬೀಜ, ಆ ಗೆರೆಗಳೂ ಭೂಮಿಯ ಶಾಖವನ್ನು ಹಿಡಿದಿಡುತ್ತವೆ.

ಇಂಗಾಲದ ಬಗ್ಗೆ ಮಾತ್ರ ತಪ್ಪು ತಿಳಿಯಬೇಡಿ. ಎಟಿಎಫ್ ಆಗಲಿ ಸ್ಯಾಫ್ ಆಗಲಿ, ಉರಿಸಿದ ಕಿಲೊಗೆ ಮೂರು ಕಿಲೊ ಚಿಲ್ಲರೆ ಇಂಗಾಲದ ಡೈಆಕ್ಸೈಡು ಹೊರಬಂದೇ ಬರುತ್ತದೆ. ಲಾಭ ಇರುವುದು ಅದರ ಪೂರ್ವಾಶ್ರಮದಲ್ಲಿ: ಆ ಇಂಗಾಲ ಮೊನ್ನೆ ಮೊನ್ನೆ ಗಿಡ ಗಾಳಿಯಿಂದ ಹೀರಿದ್ದು, ನೆಲದಡಿಯಿಂದ ಅಗೆದದ್ದಲ್ಲ. ಅಂತರರಾಷ್ಟ್ರೀಯ ಲೆಕ್ಕದಲ್ಲಿ ಒಂದು ಮೆಗಾಜೂಲ್ ಶಕ್ತಿಗೆ ಹಳೆ ಎಟಿಎಫ್‌ನದು 89 ಗ್ರಾಂ, ಕರಿದ ಎಣ್ಣೆಯದು 13.9 ಗ್ರಾಂ.

ಹಂತ 5: ವಿಮಾನಕ್ಕೆ ತುಂಬಿಸುವುದು

(ಹಂತ 4 ಮುದ್ರಣಕ್ಕೆ ಸಿಕ್ಕಿಲ್ಲ. ಕಡತ ಹಣಕಾಸು ಇಲಾಖೆಯಲ್ಲಿದೆ.)

ಬೆರೆಸಿ, ಪರೀಕ್ಷೆ ಪಾಸಾದ ಮೇಲೆ ಸ್ಯಾಫ್ ತನ್ನ ಹೆಸರು ಕಳೆದುಕೊಳ್ಳುತ್ತದೆ. ಕಾಗದದಲ್ಲೂ ಅದು ಮಾಮೂಲಿ ಜೆಟ್ ಎ-1. ಬೆಂಗಳೂರಾದರೆ ದೇವನಗೊಂದಿಯ ಟರ್ಮಿನಲ್ಲಿನಿಂದ ದೇವನಹಳ್ಳಿಯವರೆಗೆ ನೆಲದಡಿಯ ಪೈಪಿದೆ. ನಿಲ್ದಾಣದಲ್ಲಿ ವಿಮಾನ ನಿಂತ ಜಾಗದಲ್ಲೇ ಹೈಡ್ರಂಟ್ ಗುಂಡಿ. ನೀವು ಕಿಟಕಿ ಸೀಟಿನಲ್ಲಿ ಕೂತು ನೋಡಿರುತ್ತೀರಿ: ಹಳದಿ ಜಾಕೆಟ್ಟಿನ ಹುಡುಗ ಗುಂಡಿಯ ಮುಚ್ಚಳ ತೆಗೆದು, ಸ್ಥಿರವಿದ್ಯುತ್ತಿನ ಕಿಡಿ ಹಾರದಂತೆ ಮೊದಲು ತಂತಿ ಸಿಕ್ಕಿಸಿ, ಆಮೇಲೆ ರೆಕ್ಕೆಯಡಿಗೆ ಪೈಪು ಏರಿಸುತ್ತಾನೆ. ಕೈಯಲ್ಲೊಂದು ಹಿಡಿ, ಅದನ್ನು ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಇಂಧನ ಹರಿಯುತ್ತದೆ, ಅವನು ಕೈ ಬಿಟ್ಟರೆ ಅಥವಾ ತಲೆಸುತ್ತಿ ಬಿದ್ದರೆ ನಿಲ್ಲುತ್ತದೆ. ಗಾಜಿನ ಜಾಡಿಗೆ ಸ್ವಲ್ಪ ಇಳಿಸಿ ಬೆಳಕಿಗೆ ಹಿಡಿದು ನೋಡುತ್ತಾನೆ, ತಿಳಿಯಾಗಿ ಹೊಳೆಯಬೇಕು. ನಂತರ ಸಿರಿಂಜಿನಲ್ಲಿ ಎಳೆದು ಹಳದಿ ಕ್ಯಾಪ್ಸೂಲಿನ ಮೂಲಕ ಹಾಯಿಸುತ್ತಾನೆ. ಹಳದಿ ಹಳದಿಯಾಗೇ ಉಳಿದರೆ ಸರಿ, ಹಸಿರಿಗೆ ತಿರುಗಿದರೆ ನೀರು ಸೇರಿದೆ ಎಂದರ್ಥ. ಹಸಿರು ಇಂಧನದ ಈ ಕಥೆಯಲ್ಲಿ ಹಸಿರು ಬಣ್ಣ ಕಂಡರೆ ಗಾಬರಿಯಾಗಬೇಕಾದ ಜಾಗ ಇದೊಂದೇ.

ತುಂಬಿಸದೆಯೇ ತುಂಬಿಸುವುದು

ಮೇಲಿನ ಕೆಲಸವೆಲ್ಲ ತ್ರಾಸ ಅನ್ನಿಸಿದರೆ ಸುಲಭದ ದಾರಿ ಇದೆ. ಹೆಸರು ‘ಬುಕ್ ಆ್ಯಂಡ್ ಕ್ಲೇಮ್’. ನಿಮ್ಮ ಬೆಂಗಳೂರಿನ ಕಂಪನಿಯ ನೌಕರರು ವರ್ಷವಿಡೀ ಅಮೆರಿಕಕ್ಕೆ ಓಡಾಡುತ್ತಾರೆ, ಸರಿ. ಸ್ಯಾಫ್ ಇರುವುದು ಲಾಸ್ ಏಂಜಲೀಸಿನಲ್ಲಿ. ಅದನ್ನು ಹಡಗಿನಲ್ಲಿ ತರಿಸಿದರೆ ಹಡಗಿನ ಹೊಗೆ ಬೇರೆ. ಅದರ ಬದಲು ಹೆಚ್ಚುವರಿ ದುಡ್ಡು ನೀವು ಕೊಡಿ, ಅಲ್ಲಿನ ಯಾವುದೋ ವಿಮಾನಕ್ಕೆ ಅದನ್ನು ಅಲ್ಲೇ ತುಂಬಲಿ, ಪುಣ್ಯದ ಪ್ರಮಾಣಪತ್ರ ನಿಮ್ಮ ವಾರ್ಷಿಕ ವರದಿಗೆ ಬರಲಿ. ನಗಬೇಡಿ, ಇದರಲ್ಲಿ ನ್ಯಾಯವಿದೆ. ವಾತಾವರಣ ಒಂದೇ, ಎಲ್ಲಿ ಕಡಿಮೆಯಾದರೂ ಕಡಿಮೆಯೇ. ಓಸ್ಲೊ ನಿಲ್ದಾಣದವರು 2016ರಲ್ಲಿ ಸ್ಯಾಫ್‌ ಅನ್ನು ಹೈಡ್ರಂಟ್ ವ್ಯವಸ್ಥೆಗೇ ಬಿಟ್ಟಾಗಲೂ ದುಡ್ಡು ಕೊಟ್ಟವರೊಬ್ಬರು, ಉರಿಸಿದವರು ಇನ್ಯಾರೋ. ಒಂದೇ ಪ್ರಮಾಣಪತ್ರವನ್ನು ಇಬ್ಬರು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕದಂತೆ ನೋಡಿಕೊಳ್ಳುವ ದಫ್ತರು ಗಟ್ಟಿಯಿರಬೇಕು, ಅಷ್ಟೇ. ಹಾರಿದವರ ಸಂಖ್ಯೆ ಮಾತ್ರ ಇದರಿಂದ ಕಡಿಮೆಯಾಗುವುದಿಲ್ಲ ಎಂಬುದನ್ನು ವಾರ್ಷಿಕ ವರದಿಯ ಯಾವ ಪುಟದಲ್ಲೂ ಕಂಡಿಲ್ಲ.

ಬಿಸಿಲಿಗೆ ಮರಳುವವರಿಗೆ

ಕೊಚ್ಚಿ ವಿಮಾನ ನಿಲ್ದಾಣ 2015ರ ಆಗಸ್ಟ್ 18ರಂದು 12 ಮೆಗಾವಾಟ್ ಸೌರ ಘಟಕ ಶುರುಮಾಡಿ, ಪೂರ್ತಿ ಬಿಸಿಲಿನಲ್ಲೇ ನಡೆಯುವ ಜಗತ್ತಿನ ಮೊದಲ ನಿಲ್ದಾಣವಾಯಿತು. ಫಲಕಗಳ ಸಂದಿನಲ್ಲಿ ತರಕಾರಿ ಬೆಳೆಯುತ್ತಾರೆ. ಮೆಚ್ಚತಕ್ಕದ್ದೇ. ಆದರೆ ಆ ಬಿಸಿಲು ಉರಿಸುವುದು ನಿಲ್ದಾಣದ ದೀಪ, ಎಸಿ, ಲಗೇಜಿನ ಬೆಲ್ಟು. ರನ್‌ವೇ ದಾಟಿದ ಮೇಲೆ ಸೀಮೆಎಣ್ಣೆಯದೇ ರಾಜ್ಯ. ನಿಲ್ದಾಣ ಹಸಿರಾಯಿತು ಎಂಬ ಬೋರ್ಡಿನ ಕೆಳಗೆ ನಿಂತು ವಿಮಾನ ಹಸಿರಾಯಿತು ಎಂದು ಭಾಷಣ ಮಾಡುವವರಿಗೆ ಮೈಕು ಕೊಡಬೇಡಿ.

ಬಿಸಿಲನ್ನೇ ಇಂಧನ ಮಾಡುವ ವಿದ್ಯೆ ಇದೆ. ಸೌರ ವಿದ್ಯುತ್ತಿನಿಂದ ನೀರು ಒಡೆದು ಜಲಜನಕ, ಗಾಳಿಯಿಂದಲೋ ಕಾರ್ಖಾನೆಯ ಚಿಮಣಿಯಿಂದಲೋ ಇಂಗಾಲ, ಎರಡನ್ನೂ ಕೂಡಿಸಿದರೆ ಸೀಮೆಎಣ್ಣೆ. 2021ರ ಜನವರಿಯಲ್ಲಿ ಆಮ್‌ಸ್ಟರ್‌ಡ್ಯಾಮಿನಿಂದ ಮ್ಯಾಡ್ರಿಡ್‌ಗೆ ಹೋದ ಕೆಎಲ್‌ಎಂ ವಿಮಾನಕ್ಕೆ ಇಂಥದ್ದನ್ನು 500 ಲೀಟರ್ ಬೆರೆಸಿದ್ದರು. ಎಣ್ಣೆ ಬೇಡ, ಹೊಲ ಬೇಡ, ಬಜ್ಜಿ ಅಂಗಡಿಯ ಅಕ್ಕನ ಮರ್ಜಿ ಬೇಡ. ಬೇಕಾದದ್ದು ವಿದ್ಯುತ್ತು. ಒಂದು ಲೀಟರಿಗೆ ಇಪ್ಪತ್ತರಿಂದ ಇಪ್ಪತ್ತೈದು ಯೂನಿಟ್ ಸುರಿದರೆ, ಆ ಲೀಟರಿನಲ್ಲಿ ವಾಪಸು ಸಿಗುವುದು ಹತ್ತು ಯೂನಿಟ್ಟಿಗೂ ಕಡಿಮೆ. ಪಾವಗಡದ ಸೌರ ಪಾರ್ಕನ್ನೇ ತೆಗೆದುಕೊಳ್ಳಿ: 2,050 ಮೆಗಾವಾಟ್, ರೈತರಿಂದ ಗುತ್ತಿಗೆಗೆ ಪಡೆದ 13,000 ಎಕರೆ, ವರ್ಷಕ್ಕೆ ಅಂದಾಜು 400 ಕೋಟಿ ಯೂನಿಟ್. ಕೊನೆಯ ಯೂನಿಟ್‌ವರೆಗೂ ವಿಮಾನಕ್ಕೇ ಎಂದು ಬರೆದುಕೊಟ್ಟರೂ ಹುಟ್ಟುವ ಇಂಧನ ಸುಮಾರು ಒಂದೂವರೆ ಲಕ್ಷ ಟನ್. ದೇಶದ ಎಟಿಎಫ್‌ನಲ್ಲಿ ಶೇ 2 ಕೂಡ ಅಲ್ಲ. ಅಷ್ಟರಲ್ಲಿ ತುಮಕೂರು ಜಿಲ್ಲೆಯ ಪಂಪ್‌ಸೆಟ್ಟಿನವರು ಬೆಸ್ಕಾಂ ಕಚೇರಿ ಮುಂದೆ ಧರಣಿ ಕೂತಿರುತ್ತಾರೆ.

ದೋಷ ಮತ್ತು ಪರಿಹಾರ

*ಇಂಧನವೇ ಸಿಗುತ್ತಿಲ್ಲ.* ಇದು ದೋಷವಲ್ಲ, ಸದ್ಯದ ಸ್ಥಿತಿ. 2024ರಲ್ಲಿ ಇಡೀ ಜಗತ್ತು ತಯಾರಿಸಿದ ಸ್ಯಾಫ್ ಸುಮಾರು 10 ಲಕ್ಷ ಟನ್, ಉರಿಸಿದ ಇಂಧನದ ಶೇ 0.3 ಎಂದು ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಒಕ್ಕೂಟ ಐಯಾಟಾ ಲೆಕ್ಕ ಕೊಟ್ಟಿತು.

*ಗುರಿ ಮುಟ್ಟುತ್ತಿಲ್ಲ.* ಯಾವ ಗುರಿ ಎಂದು ಮೊದಲು ನೋಡಿಕೊಳ್ಳಿ. ಭಾರತದ್ದು 2027ಕ್ಕೆ ಶೇ 1, 2028ಕ್ಕೆ ಶೇ 2, 2030ಕ್ಕೆ ಶೇ 5. ಅದೂ ವಿದೇಶಕ್ಕೆ ಹೋಗುವ ವಿಮಾನಗಳಿಗೆ ಮಾತ್ರ, ಅದೂ ‘ಸೂಚಕ’ ಗುರಿ. ಯುರೋಪ್ ಒಕ್ಕೂಟದ್ದು ಕಾನೂನು: 2025ಕ್ಕೆ ಶೇ 2, 2030ಕ್ಕೆ ಶೇ 6, 2050ಕ್ಕೆ ಶೇ 70. ತಪ್ಪಿದರೆ ದಂಡ. ಅಗ್ಗದ ಊರಿನಲ್ಲಿ ಟ್ಯಾಂಕು ಭರ್ತಿ ಮಾಡಿಕೊಂಡು ಬಂದು ತಪ್ಪಿಸಿಕೊಳ್ಳೋಣ ಎಂಬ ಉಪಾಯ ಅವರಿಗೂ ಹೊಳೆದಿದೆ. ವರ್ಷದ ಅಗತ್ಯದಲ್ಲಿ ಶೇ 90 ಇಂಧನವನ್ನು ಅಲ್ಲೇ ತುಂಬಬೇಕೆಂದು ಬರೆದಿಟ್ಟಿದ್ದಾರೆ. ನಮಗನ್ನಿಸುವುದು: ಬಜ್ಜಿ ಅಂಗಡಿಗೆ ಡಬ್ಬ ಹಿಡಿದು ಹೋಗುವವನಿಗೆ ಸೂಚಕ ಗುರಿ ಅರ್ಥವಾಗುವುದಿಲ್ಲ. ಹತ್ತು ವರ್ಷ ಇಂಥ ದರಕ್ಕೆ ಕೊಳ್ಳುತ್ತೇವೆ ಎಂಬ ಸಹಿ ಹಾಕಿದ ಕಾಗದ ಅರ್ಥವಾಗುತ್ತದೆ.

*ದರ ಹೆಚ್ಚು.* ಹೌದು. ಎಟಿಎಫ್‌ಗಿಂತ ಎರಡು ಪಟ್ಟು, ಮೂರು ಪಟ್ಟು, ಕೆಲವು ವಿಧಾನಗಳಲ್ಲಿ ಇನ್ನೂ ಹೆಚ್ಚು. ನಮ್ಮ ವಿಮಾನ ಕಂಪನಿಗಳ ಖರ್ಚಿನಲ್ಲಿ ಇಂಧನದ್ದೇ ಹತ್ತಿರ ಹತ್ತಿರ ಶೇ 40 ಪಾಲು. ಎಟಿಎಫ್ ಇನ್ನೂ ಜಿಎಸ್‌ಟಿಗೆ ಸೇರಿಲ್ಲ, ರಾಜ್ಯಕ್ಕೊಂದು ತೆರಿಗೆ. ಹಂತ 4 ಎಲ್ಲಿದೆ ಎಂದು ಕೇಳಿದ್ದಿರಲ್ಲ.

*ಈ ದುಡ್ಡು ಯಾರು ಕೊಡುವುದು?* ಕೈಪಿಡಿಯ ಹಿಂದಿನ ಆವೃತ್ತಿಗಳಲ್ಲಿ ‘ಉದ್ಯಮ’ ಎಂದಿತ್ತು. ಲುಫ್ತಾನ್ಸಾ ಗುಂಪಿನವರು ಅದನ್ನು ತಿದ್ದಿದ್ದಾರೆ: 2025ರ ಜನವರಿಯಿಂದ ಯುರೋಪಿನ ನಿಲ್ದಾಣಗಳಿಂದ ಹೊರಡುವ ಟಿಕೆಟ್ಟಿಗೆ 1ರಿಂದ 72 ಯೂರೊವರೆಗೆ ಪರಿಸರದ ಖರ್ಚು ಎಂದು ಸೇರಿಸುತ್ತಾರೆ. ಹೊರಡುವ ಊರಿನ ಲೆಕ್ಕ ಇದು. ಹಾಗಾಗಿ ಫ್ರಾಂಕ್‌ಫರ್ಟಿನ ಮಗಳ ಮನೆಗೆ ಬಾಣಂತನಕ್ಕೆ ಹೋಗುವ ತಾಯಿಗೆ ಬೆಂಗಳೂರಿನಿಂದ ಹೋಗುವಾಗ ಈ ಬಾಬ್ತು ಇಲ್ಲ, ವಾಪಸು ಬರುವಾಗ ಇದೆ. ದೂರುಗಳನ್ನು ಅಳಿಯಂದಿರಿಗೆ ಸಲ್ಲಿಸತಕ್ಕದ್ದು.